ಕಾಶಿಗೆ ಹಾರನಹಳ್ಳಿ ಮೇಲೆ

ಹದಿನೇಳು ವರ್ಷ ನ್ಯಾಷನಲ್ ಪರ್ಮಿಟ್ ಲಾರಿ ಓಡಿಸಿದವನಿಗೆ ಯಾರಾದರೂ ದಾರಿ ಹೇಳಿಕೊಡಲು ಬಂದರೆ ಮೈ ಉರಿಯುತ್ತದೆ. ಅಂಥದ್ದರಲ್ಲಿ, ಮೈಸೂರು ದಾಟಿ ಆಚೆಗೆ ನಾಲ್ಕು ಸಲವೂ ಹೋಗದ ನಮ್ಮತ್ತೆ ಸೋಮಮ್ಮ ಒಂದು ಬೆಳಿಗ್ಗೆ, “ಕಾಶಿಗೆ ಹಾರನಹಳ್ಳಿ ಮೇಲೆ ಓಗದು ಅಳಿಮಯ್ಯ” ಅಂದರು. ಸಿಟ್ಟು ಬಂದದ್ದು ಆಮೇಲೆ. ಮೊದಲು ಬಂದದ್ದು ದಿಗಿಲು. ನಾನು ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟೆ. ರೊಟ್ಟಿ ತಟ್ಟುತ್ತಿದ್ದ ನನ್ನ ಹೆಂಡತಿ ರಾಣಿಯ ಕೈ ಹಾಗೇ ನಿಂತಿತು. ಹಾರನಹಳ್ಳಿ ಅಂದರೆ ಅತ್ತೆಯ ತವರು. ನಾನು ಅವರ ಅಳಿಯನಾಗಿ ಹದಿನಾಲ್ಕು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಆ ಊರಿನ ಹೆಸರು ಅವರ ಬಾಯಿಂದ ಬಂದದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಅತ್ತೆ ಗಾವಡಗೆರೆಗೆ ಸೊಸೆಯಾಗಿ ಬಂದದ್ದು ಹದಿನೆಂಟನೇ ವಯಸ್ಸಿನಲ್ಲಿ. ತಾಯಿ ಬೇಗ ಹೋಗಿಬಿಟ್ಟಿದ್ದರಿಂದ ತಮ್ಮ ಚಿಕ್ಕಬೀರಯ್ಯನನ್ನು ಸೊಂಟದ ಮೇಲೆ ಹೊತ್ತು ಸಾಕಿದ್ದು ಅವರೇ. ಗಂಡನ ಮನೆಗೆ ಹೊರಡುವ ದಿನ ಆ ಹುಡುಗ ಸೆರಗು ಹಿಡಿದವನು ಬಿಡಲೇ ಇಲ್ಲವಂತೆ. ಕೊನೆಗೆ ಗಾಡಿಯಲ್ಲಿ ಅವನನ್ನೂ ಹತ್ತಿಸಿಕೊಂಡು ಬಂದು, ಎಂಟು ದಿನ ಕಜ್ಜಾಯ ತಿನ್ನಿಸಿ, ಸಮಾಧಾನ ಮಾಡಿ ಕಳಿಸಿದರಂತೆ. ಅಂಥ ಅಕ್ಕ ತಮ್ಮ ಅವರು.

ಮದುವೆಯಾಗಿ ಹದಿನೈದು ವರ್ಷ ಕಾದ ಮೇಲೆ ರಾಣಿ ಹುಟ್ಟಿದಳು. ಎರಡು ವರ್ಷ ತುಂಬುವ ಹೊತ್ತಿಗೆ ಕಿವಿ ಚುಚ್ಚಿಸಲು ದಿನ ನೋಡಿದರು. ನಮ್ಮಲ್ಲಿ ಸೋದರಮಾವ ತೊಡೆಯ ಮೇಲೆ ಕೂರಿಸಿಕೊಂಡರೇ ಮಗುವಿನ ಕಿವಿಗೆ ಸೂಜಿ. ನೆಂಟರೆಲ್ಲ ಬಂದರು, ಅಕ್ಕಸಾಲಿ ಬಂದ, ಸೋದರಮಾವ ಮಾತ್ರ ಬರಲಿಲ್ಲ. ಬಿಸಿಲು ನೆತ್ತಿಗೇರುವ ತನಕ ಕಾದು, ಕೊನೆಗೆ ಯಾರೋ ದೂರದ ನೆಂಟನ ತೊಡೆಯ ಮೇಲೆ ಮಗುವನ್ನು ಕೂರಿಸಿ ಶಾಸ್ತ್ರ ಮುಗಿಸಿದರು. ಮಾರನೇ ದಿನವೇ ಅತ್ತೆ ಹಾರನಹಳ್ಳಿಗೆ ಹೋಗಿ ತಮ್ಮನ ಬಾಗಿಲಲ್ಲಿ ನಿಂತರು. ಅವನು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೆಂಕಿ ಹಾಕಿ ಅಂದಿಗೆ ನಾಲ್ಕನೇ ದಿನ. ಬೆಂಕಿ ಹೆಚ್ಚಾದರೆ ಸೊಪ್ಪು ಕರಕಲು, ಕಡಿಮೆಯಾದರೆ ಕಪ್ಪು. ಬ್ಯಾರನ್ನಿಗೆ ಬೆಂಕಿ ಹಾಕಿದವನು ಹೆಂಡತಿ ಹೆರುತ್ತಿದ್ದರೂ ಎದ್ದು ಹೋಗುವುದಿಲ್ಲ ಅನ್ನುವುದು ಈ ಕಡೆ ಎಲ್ಲರಿಗೂ ಗೊತ್ತು, ಅತ್ತೆಗೂ ಗೊತ್ತಿತ್ತು. ಆದರೆ ಅವನು ಒಂದು ಮಾತು ಹೆಚ್ಚಾಡಿದ: “ಬೇಯ್ತಾ ಇರೋ ಸೊಪ್ಪು ಬುಟ್ಟು ಕಿವಿ ಚುಚ್ಚಕ್ಕೆ ಬರಕ್ಕಾಯ್ತದಾ?”

ಅತ್ತೆ ಬಗ್ಗಿ ಅವನ ಅಂಗಳದ ಮಣ್ಣನ್ನು ಮುಷ್ಟಿಯಲ್ಲಿ ತೆಗೆದು ಅವನ ಕಾಲ ಬಳಿ ಸುರಿದರು. “ಇನ್ನು ಈ ಊರ ಮಣ್ಣ ಮೆಟ್ಟಿದ್ರೆ ನಾನು ದೊಡ್ಡಬೀರಯ್ಯನ ಮಗಳೇ ಅಲ್ಲ ಕಣ್ಲಾ” ಅಂದರು. ದೊಡ್ಡಬೀರಯ್ಯ ಅವರ ತಂದೆ, ಆಗಲೇ ತೀರಿಹೋಗಿದ್ದವರು. ತಮ್ಮನೂ ಅದೇ ತಂದೆಯ ಮಗ ತಾನೆ. “ನೀನಾಗಿ ನೀನು ಬರಗಂಟ ನಾನೂ ಕರೆಯಾಕಿಲ್ಲ. ನಿನ್ನ ಮನೆ ಹೊಸ್ತಿಲೂ ತುಳಿಯಾಕಿಲ್ಲ” ಅಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂವತ್ತೆರಡು ವರ್ಷ ಇಬ್ಬರೂ ಆಣೆ ಮುರಿಯಲಿಲ್ಲ.

ನನ್ನ ಮದುವೆಯಲ್ಲಿ ಸೋದರಮಾವ ಕೂರಬೇಕಾದ ಮಣೆಯ ಮೇಲೆ ಒಂದು ತೆಂಗಿನಕಾಯಿ ಇಟ್ಟಿದ್ದರು. ಹೊಸ ಅಳಿಯ, ಕೇಳಲು ಸಂಕೋಚ. ಅತ್ತೆಯ ದಾರಿಯ ಲೆಕ್ಕಾಚಾರ ಅರ್ಥವಾಗಲು ಇನ್ನೂ ಎರಡು ವರ್ಷ ಹಿಡಿಯಿತು. ಪಿರಿಯಾಪಟ್ಟಣದ ಕಡೆ ಏನು ಕಾರ್ಯವಿದ್ದರೂ, ಬಸ್ಸು ಹಾರನಹಳ್ಳಿ ಮುಟ್ಟುತ್ತದೆ ಅಂದರೆ ಅವರಿಗೆ ಆ ಬಸ್ಸು ಬೇಡ. ಎರಡು ಬಸ್ಸು ಬದಲಾಯಿಸಿ ಸುತ್ತಿಕೊಂಡು ಬರುತ್ತಾರೆ. “ಬಸ್ಸಲ್ಲಿ ಕೂತು ಹಾದು ಹೋದರೆ ಮಣ್ಣು ಮೆಟ್ಟಿದ ಹಾಗೆ ಹೇಗಾಗುತ್ತೆ ಅತ್ತೆ?” ಅಂತ ಒಮ್ಮೆ ಕೇಳಿದ್ದೆ. “ಪಂಚರ್ ಆದ್ರೆ? ಇಳೀರಿ ಅಂತಾನಲ್ಲ ಕಂಡಕ್ಟ್ರು” ಅಂದರು. 

ನಮ್ಮ ಮಾವ ಮರೀಗೌಡರು ಬೇರೆಯೇ ಥರದ ಮನುಷ್ಯ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು, ಅದರಲ್ಲಿ ಐದು ಮಾತು ಎತ್ತುಗಳ ಜೊತೆ. ಅತ್ತೆಯ ಬೈಗುಳವನ್ನು ಟವೆಲ್ಲಿನಲ್ಲಿ ಒರೆಸಿಕೊಂಡು ಹೊಲಕ್ಕೆ ಹೋಗಿಬಿಡುತ್ತಾರೆ. ಅವರ ಮೇಲೆ ಅತ್ತೆಗಿದ್ದ ದೊಡ್ಡ ದೂರು ಕೃಷಿಹೊಂಡದ್ದು. ಹನ್ನೊಂದು ವರ್ಷದ ಕೆಳಗೆ ಹೊಲದ ಮೂಲೆಯಲ್ಲಿ ಹೊಂಡ ತೆಗೆಸಿದಾಗ ಬಂದ ಮಣ್ಣನ್ನು ಮಾವ ಇಟ್ಟಿಗೆ ಗೂಡಿನವರಿಗೆ ಪುಕ್ಕಟೆ ಕೊಟ್ಟುಬಿಟ್ಟಿದ್ದರಂತೆ. ನಮ್ಮ ಹೊಲದ ಕೆಂಪು ಮಣ್ಣಿನಲ್ಲಿ ಕಾಗೆಬಂಗಾರದ ಚೂರುಗಳಿವೆ. ಕಳೆ ಕಿತ್ತು ಬಂದವರ ಪಾದ ಬಿಸಿಲಿಗೆ ಮಿಣಮಿಣ ಅನ್ನುತ್ತದೆ. “ನಾಕು ಟ್ರ್ಯಾಕ್ಟ್ರು ಬಂಗಾರದಂಥ ಮಣ್ಣ ಸುಡಕ್ಕೆ ಕೊಟ್ಟ ಮಾರಾಯ” ಅಂತ ನೆಂಟರ ಮುಂದೆ, ಸಂತೆಯಲ್ಲಿ, ನನ್ನ ಮಗಳು ಹರ್ಷಿತಾಳ ಹುಟ್ಟುಹಬ್ಬದಲ್ಲಿ ಕೂಡ ಅತ್ತೆ ಹೇಳಿ ಮಾವನ ಮಾನ ತೆಗೆದಿದ್ದರು. ಮಾವ ತುಟಿ ಬಿಚ್ಚಿರಲಿಲ್ಲ.

ಈಗ ನನ್ನ ಗಾಡಿಯ ವಿಷಯ. ಲಾರಿ ಬಿಟ್ಟ ಮೇಲೆ ಹುಣಸೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟೆ. ದಾರಿಯ ಹುಚ್ಚು ಮಾತ್ರ ಬಿಡಲಿಲ್ಲ. ಎರಡು ವರ್ಷ ಬಿಡುವಾದಾಗಲೆಲ್ಲ ಕೂತು ಬೊಲೆರೋ ಹಿಂದೆ ಕಟ್ಟಿ ಎಳೆಯುವ ಮನೆಯೊಂದನ್ನು ಮಾಡಿದೆ. ಹನ್ನೆರಡು ಅಡಿ ಉದ್ದ, ಆರೂವರೆ ಅಡಿ ಅಗಲ. ಒಳಗೆ ಮಡಚುವ ಮಂಚ, ಗ್ಯಾಸ್ ಒಲೆ, ಕೂರಿಸಿದ ಕಮೋಡು, ತಲೆಯ ಮೇಲೆ ನೀರಿನ ಟ್ಯಾಂಕು, ಹಿಂಭಾಗಕ್ಕೆ ಬಾಗಿಲು, ಬಾಗಿಲಿಗೆ ಮೂರು ಮೆಟ್ಟಿಲು. ಅದರ ಕಾಗದಪತ್ರ ಸರಿಮಾಡಿಸಲು ನಾಲ್ಕು ಜೊತೆ ಚಪ್ಪಲಿ ಸವೆದವು. ಊರಿನವರು ಅದನ್ನು ಕೋಳಿಗೂಡು ಅಂದರು, ಅನ್ನಲಿ. ಅತ್ತೆ ಮಾವನನ್ನು ಅದರಲ್ಲಿ ಕಾಶಿಗೆ ಕರೆದುಕೊಂಡು ಹೋಗಬೇಕು ಅನ್ನುವುದು ನನ್ನ ಆಸೆ. ದಸರಾ ರಜೆ ಗೊತ್ತುಮಾಡಿಕೊಂಡು ದಾರಿ ಆರಿಸಲು ಕೂತೆವು. ಹರ್ಷಿತಾ ಮೊಬೈಲಿನಲ್ಲಿ ಮ್ಯಾಪು ಹಿಡಿದಿದ್ದಳು. ಬೆಂಗಳೂರು, ಹೈದರಾಬಾದು, ನಾಗಪುರ, ಜಬಲ್ಪುರ, ಅಲ್ಲಿಂದ ಕಾಶಿ ಅಂತ ನಾನು ಕಣ್ಣು ಮುಚ್ಚಿಕೊಂಡು ಹೇಳಿದೆ. ಹಿಂದೆ ಮನೆ ಎಳೆದುಕೊಂಡು ಹೋಗುವವನಿಗೆ ಹತ್ತಿರದ ದಾರಿ ಒಳ್ಳೆಯ ದಾರಿಯಲ್ಲ. ತಿರುವು ಕಮ್ಮಿ, ಸೇತುವೆ ಅಗಲ, ಡಾಬಾದಲ್ಲಿ ತಿರುಗಿಸಲು ಜಾಗ, ಇವು ಮೂರೂ ಇದ್ದರೆ ಅದು ದಾರಿ. ಮುಂದಕ್ಕೆ ಓಡಿಸಲು ಎಲ್ಲರಿಗೂ ಬರುತ್ತದೆ, ಅದನ್ನು ಹಿಂದಕ್ಕೆ ತಳ್ಳುವುದರಲ್ಲಿದೆ ಕಸುಬು.

ಅಷ್ಟು ಹೇಳಿ ಮುಗಿಸುವುದರೊಳಗೆ ಅತ್ತೆಯ ಮಾತು ಬಿತ್ತು.

“ಅತ್ತೆ, ಕಾಶಿ ಇರದು ಬಡಗಲಕ್ಕೆ. ಹಾರನಹಳ್ಳಿ ಪಡುವಲಕ್ಕದೆ” ಅಂದೆ.

“ಕಾಶಿ ಎಲ್ಲಾರ ಇರ್ಲಿ. ನಿಮ್ಮ ಗಾಡಿ ಒಳಗೆ ಅಡುಗೆ ಮಾಡ್ಕಬೌದು, ಮಲೀಕಬೌದು, ಕಕ್ಕಸಿಗೂ ಇಳಿಯಂಗಿಲ್ಲ ಅಂದ್ರಿ. ಪಂಚರ್ ಆದ್ರೂ ಒಳಗೇ ಕುಂತಿರಬೌದಾ?”

“ಕುಂತಿರಬೌದು.”

“ನೆಲ ಮುಟ್ಟಂಗಿಲ್ಲ?”

“ಮುಟ್ಟಂಗಿಲ್ಲ.”

“ಹಂಗಾದ್ರೆ ಹಾರನಹಳ್ಳಿ ಮೇಲೆ ಓಗದು.”

ಆಗ ರಾಣಿ ಒಲೆ ಆರಿಸಿ ಬಂದು ನನಗೆ ವಿಷಯ ಹೇಳಿದಳು. ಹದಿನೈದು ದಿನದ ಕೆಳಗೆ ಹುಣಸೂರು ಸಂತೆಯಲ್ಲಿ ಹಾರನಹಳ್ಳಿ ಕಡೆಯ ಬಳೆಗಾರ್ತಿಯೊಬ್ಬಳು ಅವ್ವ ಮಗಳಿಗೆ ಸುದ್ದಿ ಕೊಟ್ಟಿದ್ದಳು. ಚಿಕ್ಕಬೀರಯ್ಯನಿಗೆ ಬಲಗಡೆ ಲಕ್ವ ಹೊಡೆದಿದೆ, ಮಾತು ನಿಂತಿದೆ, ಗುರುತು ಹಿಡಿಯುತ್ತಾನೆ, ಆದರೆ ಇನ್ನೊಂದು ಸಲ ಹೊಡೆದರೆ ಅದೂ ಹೋಗುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ದಿನಾ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ದಾರಿ ನೋಡುತ್ತಾ ಕೂತಿರುತ್ತಾನಂತೆ. ಆವತ್ತಿನಿಂದ ಅತ್ತೆ ನೆಟ್ಟಗೆ ಊಟ ಮಾಡಿರಲಿಲ್ಲ. ತಮ್ಮ ಗುರುತು ಹಿಡಿಯುತ್ತಿರುವಾಗಲೇ ಅವನ ಮುಖ ನೋಡಬೇಕು, ಸತ್ತ ತಂದೆಯ ಹೆಸರಿನ ಆಣೆಯೂ ಮುರಿಯಬಾರದು. ಈ ಎರಡರ ನಡುವೆ ಕೂತು ಅವರು ನನ್ನ ಕೋಳಿಗೂಡನ್ನು ದಿಟ್ಟಿಸಿ ನೋಡಿದ್ದರು.

ನನಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಆಣೆಗೆ ಬೆಂಕಿ ಬೀಳಲಿ, ಆಟೋದಲ್ಲಿ ಹೋಗಿ ತಮ್ಮನನ್ನು ತಬ್ಬಿಕೊಳ್ಳಿ ಅನ್ನಬೇಕು ಅನ್ನಿಸಿತು, ಅನ್ನಲಿಲ್ಲ. ಮ್ಯಾಪು ಇಸಿದುಕೊಂಡು ಹೊಸ ದಾರಿ ಹುಡುಕಿದೆ. ಹಾರನಹಳ್ಳಿಯಿಂದ ಹಾಸನ, ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ ಹಿಡಿದು ನಾಗಪುರ ಸೇರಬಹುದು. ಸುತ್ತು, ಆದರೆ ದಾರಿ. ಲಾರಿ ಓಡಿಸುವಾಗ ಇಂಥ ದಾರಿ ಆರಿಸಿದ್ದರೆ ಮಾಲೀಕ ನನ್ನನ್ನು ಇಳಿಸಿಬಿಡುತ್ತಿದ್ದ.

ಮಾವನ ಕಡೆ ನೋಡಿದೆ. ಅವರ ಮುಖ ಬೆವೆತಿತ್ತು. ಟವೆಲ್ಲಿನಿಂದ ಒರೆಸಿಕೊಂಡು, “ಓಗವಾ” ಅಂದರು. ಅವತ್ತು ಅವರು ಆಡಿದ್ದು ಅದೊಂದೇ ಮಾತು. ನಾನು ಅದನ್ನು ಗಮನಿಸಬೇಕಿತ್ತು.

ಹೊರಡುವ ಮುಂಚೆ ಫೋನು ಮಾಡೋಣ ಅಂದಳು ರಾಣಿ. ಅತ್ತೆ ಬೇಡ ಅಂದರು. ಫೋನು ಮಾಡಿದರೆ ಆ ಕಡೆಯಿಂದ ಬನ್ನಿ ಅಂತಾರೆ, ಆಗ ತಮ್ಮ ಕರೆದ ಹಾಗಾಗುತ್ತದೆ, ಅವನ ಆಣೆ ಮುರಿಯುತ್ತದೆ. ತಮ್ಮದೇ ಆಣೆಯ ಜೊತೆಗೆ ತಮ್ಮನ ಆಣೆಯನ್ನೂ ಅವರೇ ಕಾಯುತ್ತಿದ್ದರು.

ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಬೆಳಿಗ್ಗೆ ಆರಕ್ಕೆ ಹೊರಟೆವು. ಎಳೆದುಕೊಂಡು ಹೋಗುವ ಗಾಡಿಯೊಳಗೆ ಜನ ಕೂರಬಾರದು, ಅತ್ತೆ ಕೇಳಲಿಲ್ಲ. ಹಾರನಹಳ್ಳಿ ಇನ್ನೂ ಒಂದು ಮೈಲಿ ಇದೆ ಅನ್ನುವಾಗ ಬೊಲೆರೋ ನಿಲ್ಲಿಸಲು ಹೇಳಿ, ಕಜ್ಜಾಯದ ಡಬ್ಬಿ ಹಿಡಿದುಕೊಂಡು ಹಿಂದಿನ ಗಾಡಿ ಹತ್ತಿದರು. ಚಪ್ಪಲಿಯನ್ನು ಕೊಡವಿ ಮೂಲೆಗಿಟ್ಟು ಮಂಚದ ಮೇಲೆ ಕಾಲು ಮಡಚಿ ಕೂತರು. “ಅಲ್ಲಿ ಎಂಜಿನ್ ನಿಲ್ಸಬೇಡಿ ಅಳಿಮಯ್ಯ. ಬಾಗ್ಲಲ್ಲೇ ನಿಂತು ಮೊಕ ನೋಡ್ಕಂಡು, ಕಜ್ಜಾಯ ಕೊಟ್ಟು, ಹೊಂಟೋಗದು” ಅಂದರು. ನಾನು ಆಮೆಯ ಹಾಗೆ ಓಡಿಸಿದೆ.

ಮನೆ ತೋರಿಸಿದ್ದು ಮಾವ. ಎಡಕ್ಕೆ, ಬಲಕ್ಕೆ, ಆಮೇಲೆ ಅರಳೀಕಟ್ಟೆ ದಾಟಿ ಎಡಕ್ಕೆ ಅಂತ ಬೆರಳಲ್ಲಿ ತೋರಿಸಿದರು. ಮೂವತ್ತೆರಡು ವರ್ಷದಲ್ಲಿ ಆ ಊರಿನಲ್ಲಿ ಎಷ್ಟೋ ಹೊಸ ಮನೆ, ಹೊಸ ಬೀದಿ ಆಗಿತ್ತು. ಇವರಿಗೆ ಹೇಗೆ ಗೊತ್ತು ಅನ್ನುವ ಪ್ರಶ್ನೆ ನನಗೆ ಬಂತು. ಆದರೆ ಬೀದಿ ಕಿರಿದು, ಹಿಂದೆ ಹನ್ನೆರಡು ಅಡಿ ಬಾಲ, ಕೇಳಲು ಪುರುಸೊತ್ತಿರಲಿಲ್ಲ.

ಬಾಗಿಲು ಹಿಂಭಾಗಕ್ಕಿದ್ದುದರಿಂದ ಗಾಡಿಯನ್ನು ಹಿಂದಕ್ಕೆ ತಳ್ಳಿ ಅಂಗಳಕ್ಕೆ ತರಬೇಕಿತ್ತು. ಕಸುಬಿನ ಬಗ್ಗೆ ಕೊಚ್ಚಿಕೊಂಡ ನಾನು ಅಲ್ಲಿ ಐದು ಸಲ ಹಿಂದೆ ಮುಂದೆ ಮಾಡಿದೆ. ಲೈಟು ಕಂಬದ ಬಿಗಿತಂತಿ ಅಡ್ಡ ಬಂತು. ಕೊನೆಗೆ ಗಾಡಿಯ ಮೆಟ್ಟಿಲು ಅಂಗಳದ ಅಂಚಿಗೆ ಬಂದು ನಿಂತಿತು, ಅಲ್ಲಿಂದ ಒಂದು ಗೇಣು ಕದಲಲಿಲ್ಲ. ಅಂಗಳದ ಆ ತುದಿಯಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಚಿಕ್ಕಬೀರಯ್ಯ ಕೂತಿದ್ದ. ನಡುವೆ ಹದಿನೈದು ಅಡಿ. ನಾನು ಎಂಜಿನ್ ಓಡುತ್ತಿರುವಂತೆಯೇ ಇಳಿದು ಹಿಂದಕ್ಕೆ ಬಂದೆ.

ಅತ್ತೆ ಗಾಡಿಯ ಬಾಗಿಲು ತೆಗೆದು ನಿಂತರು. ಚಿಕ್ಕಬೀರಯ್ಯನ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಕಣ್ಣು ನೆಟ್ಟಗಿತ್ತು, ಆ ಕಣ್ಣು ಅಕ್ಕನನ್ನು ಕಂಡಿತು. ಗಂಟಲಿನಿಂದ ಏನೋ ಒಂದು ಶಬ್ದ ಬಂತು. ಅಕ್ಕ ಅಂದನೋ ಇಲ್ಲವೋ, ನನಗೆ ಹಾಗೇ ಕೇಳಿಸಿತು. ಅತ್ತೆ ಬಾಗಿಲಿನ ಕಂಬಿ ಹಿಡಿದುಕೊಂಡರು. ಕಾಲು ಮೊದಲನೇ ಮೆಟ್ಟಿಲಿಗೆ ಬಂತು, ಹಿಂದಕ್ಕೆ ಹೋಯಿತು.

“ಹಲಗೆ ಹಾಕ್ಲಾ ಅತ್ತೆ?” ಅಂದೆ.

“ಬ್ಯಾಡ. ನೋಡಿದ್ನಲ್ಲ. ಸಾಕು” ಅಂದರು. ಸಾಕು ಅನ್ನುವ ಮುಖವಾಗಿರಲಿಲ್ಲ ಅದು.

ಒಳಗಿನಿಂದ ಚಿಕ್ಕಬೀರಯ್ಯನ ಹೆಂಡತಿ ಪುಟ್ಟಸಿದ್ದಮ್ಮ ಕೈ ಒರೆಸಿಕೊಳ್ಳುತ್ತಾ ಬಂದವರು ಅತ್ತೆಯನ್ನು ಕಂಡು ಕಂಬದ ಹಾಗೆ ನಿಂತರು. ಆಮೇಲೆ ನಿಧಾನಕ್ಕೆ ಹೇಳಿದರು: “ಇಳೀರಿ ಅತ್ಗೆಮ್ಮ. ಇದು ನಮ್ಮೂರ ಮಣ್ಣಲ್ಲ.”

ಆ ಮಾತು ನನಗೆ ಅರ್ಥವಾಗಲಿಲ್ಲ. ನಾನು ಕೆಳಗೆ ನೋಡಿದೆ. ಬೀದಿಯ ಮಣ್ಣು ಬೂದಿ ಬಣ್ಣ, ಗರಸು. ಅಂಗಳದ ಸುತ್ತ ಒಂದು ಸಾಲು ಚಪ್ಪಡಿ ನಿಲ್ಲಿಸಿದ್ದರು. ಅದರೊಳಗೆ, ಗಾಡಿಯ ಮೆಟ್ಟಿಲಿನಿಂದ ಮನೆಯ ಬಾಗಿಲ ತನಕ, ಕೆಂಪು ಮಣ್ಣು. ಬೆಳಗಿನ ಬಿಸಿಲು ಬಿದ್ದು ಅದು ಮಿಣಮಿಣ ಅನ್ನುತ್ತಿತ್ತು.  ಆ ಮಿಣುಕನ್ನು ನಾನು ನನ್ನ ಹೆಂಡತಿಯ ಪಾದದಲ್ಲಿ ಹದಿನಾಲ್ಕು ವರ್ಷ ನೋಡಿದ್ದೇನೆ.

“ಹನ್ನೊಂದು ವರ್ಷ ಆಯ್ತು” ಅಂದರು ಪುಟ್ಟಸಿದ್ದಮ್ಮ. “ನಿಮ್ಮ ಹೊಲದಲ್ಲಿ ಹೊಂಡ ತಗೀತಾವ್ರೆ ಅಂತ ಗೊತ್ತಾಗಿ, ಟ್ರ್ಯಾಕ್ಟ್ರು ತಕ್ಕೊಂಡು ಇವ್ರೇ ಬಂದಿದ್ರು. ಮನೆ ಹೊಸ್ತಿಲು ತುಳೀಲಿಲ್ಲ, ಹೊಲದಿಂದ ಹಂಗೇ ತುಂಬ್ಕಂಡು ಬಂದ್ರು. ಇಲ್ಲಿದ್ದ ಮಣ್ಣ ಮೊಣಕಾಲುದ್ದ ತಗ್ಸಿ ಹೊರಗೆ ಹಾಕಿ, ಇದ ತುಂಬ್ಸಿದ್ರು. ಅಕ್ಕ ಬಂದ್ರೆ ಇಳಿಯಕ್ಕೆ ಜಾಗ ಬೇಕಲ್ಲ ಅಂತ. ಬ್ಯಾರೆಯವ್ರು ಚಪ್ಪಲಿ ಮೆಟ್ಕಂಡು ಬಂದ್ರೆ ಬೈಯೋರು.”

“ನಮ್ಮ ಹೊಲದಲ್ಲಿ ಯಾರು ತುಂಬ್ಕೊಟ್ಟಿದ್ದು?” ಅತ್ತೆ ಕೇಳಿದರು.

ಪುಟ್ಟಸಿದ್ದಮ್ಮ ಮಾವನ ಕಡೆ ನೋಡಿದರು. ನಾವೆಲ್ಲ ಮಾವನ ಕಡೆ ನೋಡಿದೆವು. ಮಾವ ಟವೆಲ್ಲಿನ ಅಂಚು ಹಿಡಿದು ನಿಂತಿದ್ದರು.

“ನಾನೇ ಕಣೆ. ಜತೇಲಿ ಬಂದು ಹರಡ್ಕೊಟ್ಟೆ” ಅಂದರು. “ಅಕ್ಕಂಗೆ ಹೇಳಿದ್ರೆ ನಾನು ಕರೆದಂಗಾಯ್ತದೆ ಭಾವ, ಅವ್ಳಾಗಿ ಬರ್ಬೇಕು ಅಂದ. ಹೇಳಕಿಲ್ಲ ಅಂತ ರಾಣಿ ತಲೆ ಮೇಲೆ ಆಣೆ ಹಾಕಿಸ್ಕಂಡ. ಆಮೇಲೆ ನಾನೇನ್ ಮಾಡ್ಲಿ?”

ನನಗೆ ಆದ ಆಘಾತವನ್ನು ಹೇಗೆ ಹೇಳಲಿ? ಹನ್ನೊಂದು ವರ್ಷ ಇಟ್ಟಿಗೆ ಗೂಡಿನ ಬೈಗುಳ ತಿಂದು ಈ ಮನುಷ್ಯ ಸುಮ್ಮನಿದ್ದ. ಹನ್ನೊಂದು ವರ್ಷ ಆ ಮನುಷ್ಯ ಅಂಗಳ ಕಾದುಕೊಂಡು ಕೂತಿದ್ದ, ಮಾತು ಹೋಗುವ ತನಕ. ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿ ನಮ್ಮತ್ತೆ ಎರಡು ಬಸ್ಸು ಬದಲಾಯಿಸಿ ಸುತ್ತುತ್ತಿದ್ದರು. ಮೂವರೂ ಒಳ್ಳೆಯವರು, ಮೂವರೂ ಮಾತಿಗೆ ತಪ್ಪದವರು. ಮೂವರಿಗೂ ಕೆನ್ನೆಗೆ ಒಂದೊಂದು ಬಾರಿಸಬೇಕು ಅನ್ನಿಸಿತು ನನಗೆ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಅತ್ತೆ ಅಳಲಿಲ್ಲ. ಮೆಟ್ಟಿಲ ಮೇಲೆ ಕೂತು, ಬಗ್ಗಿ, ಒಂದು ಚಿಟಿಕೆ ಮಣ್ಣು ತೆಗೆದುಕೊಂಡರು. ಅಂಗೈಯಲ್ಲಿ ತಿಕ್ಕಿದರು, ಮೂಸಿದರು, ಬಿಸಿಲಿಗೆ ಹಿಡಿದು ನೋಡಿದರು. ಐವತ್ತು ವರ್ಷ ಆ ಮಣ್ಣಿನಲ್ಲಿ ಕಳೆ ಕಿತ್ತ ಕೈ ಅದು. “ನಮ್ಮದೇಯ” ಅಂದರು. ಹಾಗಂದವರು ಮಾವನ ಕಡೆ ತಿರುಗಿ, “ನನ್ನ ಕೈಲಿ ಎಷ್ಟು ಬೈಸ್ಕಂಡ್ರಿ” ಅಂದರು. 

ಬರಿಗಾಲಲ್ಲಿ ಇಳಿದರು. ಚಪ್ಪಡಿಯ ಗೆರೆ ದಾಟದಂತೆ, ಅಂಗಳದ ನಟ್ಟನಡುವೆ ನಡೆದುಕೊಂಡು ಹೋಗಿ ತಮ್ಮನ ಮುಂದೆ ನಿಂತು, ಕಜ್ಜಾಯ ಮುರಿದು, ನೆಟ್ಟಗಿದ್ದ ಕಡೆಯ ದವಡೆಗೆ ಇಟ್ಟರು. ಅವನು ಅಗಿಯಲು ಬಹಳ ಹೊತ್ತು ತೆಗೆದುಕೊಂಡ. ಅತ್ತೆ ಸೆರಗಿನಲ್ಲಿ ಅವನ ಬಾಯಿ ಒರೆಸಿದರು. 

ಕಜ್ಜಾಯ ನುಂಗಿದ ಮೇಲೆ ಚಿಕ್ಕಬೀರಯ್ಯ ಅಕ್ಕನ ಹಿಂದೆ ಕಣ್ಣು ಹಾಯಿಸಿ ರಾಣಿಯನ್ನು ಹುಡುಕಿದ. ಎಡಗೈ ಎತ್ತಿ ತನ್ನ ತೊಡೆ ತಟ್ಟಿದ. ನಮಗೆ ತಿಳಿಯಲಿಲ್ಲ. ಮತ್ತೆ ತಟ್ಟಿದ. ಆಮೇಲೆ ಆ ಕೈಯಿಂದ ತನ್ನ ಕಿವಿ ಮುಟ್ಟಿ ತೋರಿಸಿ, ಮೂರನೇ ಸಲ ತೊಡೆ ತಟ್ಟಿದ.

ಅತ್ತೆಯ ಕೈಯಿಂದ ಡಬ್ಬಿ ಜಾರಿತು.

ಎಂಟನೇ ಕ್ಲಾಸಿನ ಮಗಳಿರುವ ರಾಣಿ ನಮ್ಮ ಹೊಲದ ಮಣ್ಣಿನ ಮೇಲೆ ಮಂಡಿಯೂರಿ ಸೋದರಮಾವನ ತೊಡೆಯ ಮೇಲೆ ತಲೆ ಇಟ್ಟಳು. ಅವನು ಎಡಗೈ ಬೆರಳಿನಲ್ಲಿ ಅವಳ ಕೂದಲು ಸರಿಸಿ, ಕಿವಿ ಹುಡುಕಿ, ಓಲೆ ಇದ್ದ ಜಾಗವನ್ನು ಹಿಡಿದುಕೊಂಡ. ಹಿಡಿದವನು ಬಿಡಲಿಲ್ಲ.

ಅತ್ತೆ ನನ್ನ ಕಡೆ ತಿರುಗಿದರು.

“ಅಳಿಮಯ್ಯ, ಎಂಜಿನ್ ನಿಲ್ಸಿ” ಅಂದರು.